ಬೇಡ ಅಂದವನ ಪಕ್ಕದಲ್ಲಿ

ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಸ್ವಯಂಸೇವಕಿಯಾಗಿ ಬಣ್ಣದ ಚೀಲ ಹಿಡಿದು ಹೋದ ಮೊದಲ ದಿನ ನಾನು ಮಾತಾಡಿಸಿದ ಮೊದಲ ಹುಡುಗ ಹೇಳಿದ್ದು ಒಂದೇ ಮಾತು. “ಬೇಡ.”

ಒಂಬತ್ತು ವರ್ಷ ಇರಬಹುದು. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಡಗೈಗೆ ಡ್ರಿಪ್ ಹಾಕಿದ್ದರು. ಕೈ ಅಲ್ಲಾಡಬಾರದು ಅಂತ ಕೆಳಗೆ ಒಂದು ಪುಟ್ಟ ಹಲಗೆ ಕೊಟ್ಟು ಪ್ಲಾಸ್ಟರ್ ಸುತ್ತಿದ್ದರು. ನನ್ನ ಚೀಲದಲ್ಲಿ ಏನೆಲ್ಲ ಇತ್ತು! ಎರಡು ವಾರ ಕೂತು ಹೊಂದಿಸಿಕೊಂಡಿದ್ದೆ. ಬಣ್ಣದ ಹಾಳೆ, ಕ್ರೆಯಾನ್, ಸ್ಟಿಕ್ಕರ್, ಬೆರಳಿಗೆ ಹಾಕುವ ಬೊಂಬೆ. ಒಂದೊಂದೇ ತೆಗೆದು ತೋರಿಸಿದೆ. “ಇಲ್ನೋಡು, ಈ ಹಾಳೆಯಲ್ಲಿ ಕಪ್ಪೆ ಮಾಡಬಹುದು. ಹಿಂದೆ ಒತ್ತಿದರೆ ಜಿಗಿಯುತ್ತೆ.” ಬೇಡ. “ಸ್ವಲ್ಪ ಹೊತ್ತು ಅಷ್ಟೇ ಕಣೋ.” ಅವನು ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡ.

ಪಕ್ಕದಲ್ಲಿದ್ದ ಅವನ ಅಮ್ಮನಿಗೆ ಸಂಕೋಚ. “ಪಾಪ, ನಿಂಗೋಸ್ಕರ ಬಂದಿದ್ದಾರಲ್ವಾ, ಒಂದು ಮಾಡೋ” ಅಂದರು. ನಾನೂ ಬಿಡಲಿಲ್ಲ. ಇನ್ನೂ ಎರಡು ಸಲ ಕೇಳಿದೆ. ಅಷ್ಟರಲ್ಲಿ ಅಲ್ಲಿದ್ದ ಸಿಸ್ಟರ್ ನನ್ನನ್ನು ಮೆಲ್ಲಗೆ ಬಾಗಿಲಾಚೆ ಕರೆದರು.

“ಬೆಳಿಗ್ಗೆಯಿಂದ ಅವನಿಗೆ ನಾಲ್ಕು ಸಲ ಚುಚ್ಚಿದ್ದೀವಿ. ನರ ಸಿಗಲಿಲ್ಲ. ನಾಲ್ಕು ಸಲವೂ ಬೇಡ ಅಂದ. ನಾವು ಕೇಳೋ ಹಾಗಿರಲಿಲ್ಲ. ನಿಮಗಾದ್ರೂ ಬೇಡ ಅನ್ನಲಿ ಬಿಡಿ.”

ಈ ಕೆಲಸದ ಬಗ್ಗೆ ಆಮೇಲೆ ನಾನು ಏನೇ ಕಲಿತಿದ್ದರೂ ಅದು ಆ ಬಾಗಿಲ ಹೊರಗೆ ಶುರುವಾದದ್ದು.

ಆಸ್ಪತ್ರೆಯಲ್ಲಿರುವ ಮಗುವಿನ ಒಂದು ದಿನವನ್ನು ಅದರ ಹಾಸಿಗೆಯ ಮೇಲೆ ಕೂತು ಯೋಚಿಸಿ ನೋಡಿ. ಯಾವಾಗ ಏಳಬೇಕು, ಏನು ತಿನ್ನಬೇಕು, ಏನು ತಿನ್ನಲೇಬಾರದು, ಯಾವ ಬಟ್ಟೆ ಹಾಕಿಕೊಳ್ಳಬೇಕು, ಲೈಟ್ ಯಾವಾಗ ಆರಬೇಕು, ಎಲ್ಲವೂ ಬೇರೆಯವರ ಕೈಯಲ್ಲಿ. ರೌಂಡ್ಸಿಗೆ ಬಂದ ಡಾಕ್ಟರುಗಳು ಕಾಲ ಬುಡದಲ್ಲಿ ನಿಂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ನಿದ್ದೆಯಲ್ಲಿದ್ದರೂ ಎಬ್ಬಿಸಿ ರಕ್ತ ತೆಗೆಯುತ್ತಾರೆ. ಇದು ಯಾರ ತಪ್ಪೂ ಅಲ್ಲ. ಚಿಕಿತ್ಸೆ ನಡೆಯಲೇಬೇಕು. ಆದರೆ ಮಗುವಿನ ಮೈ ಅದರ ಕೈ ತಪ್ಪಿರುತ್ತದೆ. ಹಾಗಿರುವಾಗ ನಾನು ಬಣ್ಣ ಹಿಡಿದುಕೊಂಡು ಹೋಗಿ “ಮಾಡು, ಮಾಡು” ಅಂದರೆ, ಅದನ್ನು ಮಾಡಿಸುವವರ ಸಾಲಿಗೆ ನಾನೂ ಒಬ್ಬಳು ಸೇರಿಕೊಂಡ ಹಾಗೆ. ನಗುನಗುತ್ತಾ ಮಾಡಿಸುತ್ತೇನೆ, ಅಷ್ಟೇ.

ಹಾಗಾಗಿ ಈಗ ಮಂಚದ ಹತ್ತಿರ ಹೋಗುವ ಮೊದಲೇ ನಿಂತು ಕೇಳುತ್ತೇನೆ. “ನಾನು ಬರಬಹುದಾ?” ಬೇಡ ಅಂದರೆ “ಸರಿ, ಮುಂದಿನ ವಾರ ಬಂದಾಗ ಮತ್ತೆ ಕೇಳ್ತೀನಿ” ಅಂತ ಹೇಳಿ ಹೊರಡುತ್ತೇನೆ. ಮುಖ ಸಪ್ಪೆ ಮಾಡಿಕೊಳ್ಳುವುದಿಲ್ಲ. ಮಕ್ಕಳು ನಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ನಮಗೆ ಬೇಜಾರಾಯಿತು ಅಂತ ಗೊತ್ತಾದರೆ, ಪಾಪ, ನಮ್ಮನ್ನು ಸಮಾಧಾನ ಮಾಡುವುದಕ್ಕೇ ಒಪ್ಪಿಕೊಂಡುಬಿಡುತ್ತಾರೆ.

ಆ ಹುಡುಗ ಎರಡನೇ ವಾರವೂ ಬೇಡ ಅಂದ. ಮೂರನೇ ವಾರ ಏನೂ ಹೇಳಲಿಲ್ಲ. ನಾನು ಪಕ್ಕದ ಮಂಚದ ಹುಡುಗಿಯ ಜೊತೆ ಕೂತಿದ್ದೆ. ಅವನು ಈ ಕಡೆ ತಿರುಗಿ ಮಲಗಿದ್ದ. ಅವನ ಟೇಬಲ್ಲಿನ ಮೇಲೆ ಒಂದು ಹಾಳೆ, ನಾಲ್ಕು ಕ್ರೆಯಾನ್ ಇಟ್ಟು ನನ್ನ ಕೆಲಸ ಮುಂದುವರಿಸಿದೆ. ಹಾಳೆ ಜಾರಬಾರದು ಅಂತ ನಾಲ್ಕು ಮೂಲೆಗೂ ಕಾಗದದ ಟೇಪ್ ಅಂಟಿಸಿದ್ದೆ. ಇದು ಸಣ್ಣ ವಿಷಯ, ಆದರೆ ತುಂಬಾ ಮುಖ್ಯ. ಬರೆಯುವಾಗ ಒಂದು ಕೈ ಹಾಳೆಯನ್ನು ಹಿಡಿದಿರುತ್ತದೆ, ಅದು ನಮಗೆ ಗೊತ್ತೇ ಆಗುವುದಿಲ್ಲ. ಆ ಕೈಗೆ ಡ್ರಿಪ್ ಇದ್ದರೆ ಹಾಳೆ ಹಿಂದೆ ಮುಂದೆ ಓಡುತ್ತದೆ. ಎರಡು ಸಲ ಓಡಿದರೆ ಸಾಕು, ಮಗು ಕೈಬಿಡುತ್ತದೆ.

ಸ್ವಲ್ಪ ಹೊತ್ತಿಗೆ ಕ್ರೆಯಾನ್ ಉಜ್ಜುವ ಸದ್ದು ಕೇಳಿಸಿತು. ನಾನು ತಿರುಗಲಿಲ್ಲ. ಅವನು ಕಪ್ಪು ತೆಗೆದುಕೊಂಡಿದ್ದ. ಹಾಳೆಯ ಒಂದು ಮೂಲೆಯಿಂದ ಶುರು ಮಾಡಿ ಒತ್ತಿ ಒತ್ತಿ ತುಂಬುತ್ತಿದ್ದ. ಮೇಣದ ಪುಡಿ ಹಾಸಿಗೆ ಮೇಲೆಲ್ಲ ಬಿದ್ದಿತ್ತು. ಕ್ರೆಯಾನ್ ಮುರಿಯಿತು. ಚೂರಿನಲ್ಲೇ ಮುಂದುವರಿಸಿದ. “ಅಯ್ಯೋ, ಚೆನ್ನಾಗಿರೋದು ಏನಾದ್ರೂ ಬರಿಯೋ, ಹೂವು ಬರಿ” ಅಂದರು ಅಮ್ಮ. ಅವನು ತಲೆ ಎತ್ತಲಿಲ್ಲ. ಅರ್ಧ ಗಂಟೆಗೆ ಹಾಳೆ ಪೂರ್ತಿ ಕಪ್ಪಾಯಿತು. ಕೊನೆಗೆ ಉಗುರಿನಿಂದ ಆ ಕಪ್ಪಿನ ಮೇಲೆ ಒಂದು ಗೆರೆ ಕೆರೆದ. ಗೆರೆ ಬೆಳ್ಳಗೆ ಮೂಡಿತು. ಅಂಕುಡೊಂಕಾಗಿ ಎಳೆದು ತುದಿಯಲ್ಲಿ ಎರಡು ಚುಕ್ಕಿ ಇಟ್ಟ.

“ಹಾವು” ಅಂದ. ಅವನು ನನ್ನ ಜೊತೆ ಆಡಿದ ಎರಡನೇ ಮಾತು ಅದು. ಇಲ್ಲಿ ಅವನನ್ನು ಹಾವಿನ ಹುಡುಗ ಅಂತಲೇ ಕರೆಯುತ್ತೇನೆ. ವಾರ್ಡಿನ ಮಕ್ಕಳ ಹೆಸರು ಬರೆಯಬಾರದು, ಫೋಟೋ ತೆಗೆಯಬಾರದು ಅನ್ನುವ ನಿಯಮಕ್ಕೆ ನಾನು ಮನಸಾರೆ ಒಪ್ಪುತ್ತೇನೆ. ಕೂದಲು ಉದುರಿದ ತಲೆ, ಊದಿದ ಕೆನ್ನೆ ಎಲ್ಲರೂ ನೋಡಲಿ ಅಂತ ಆ ಮಗು ಯಾರಿಗೂ ಹೇಳಿರುವುದಿಲ್ಲ.

“ಹೂವು ಬರಿ” ಅಂದ ಆ ತಾಯಿಯನ್ನು ದೂರಬಾರದು. ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತವರು. ಹಾಳೆಯಲ್ಲಾದರೂ ಒಂದು ಹೂವು ಕಾಣಲಿ ಅನ್ನಿಸುತ್ತದೆ, ಅಲ್ವಾ? ಈಗ ಎಲ್ಲ ಅಮ್ಮಂದಿರಿಗೂ, ಅಪ್ಪಂದಿರಿಗೂ ಅವರದೇ ಒಂದು ಹಾಳೆ ಕೊಡುತ್ತೇನೆ. ಮೊದಲು “ನಮಗೆಲ್ಲಿ ಬರುತ್ತೆ ಇದೆಲ್ಲ” ಅನ್ನುತ್ತಾರೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮಗುವಿಗಿಂತ ಜಾಸ್ತಿ ಮುಳುಗಿರುತ್ತಾರೆ. ಮಗುವಿಗೂ ಅದು ಬಿಡುವು. ಅಮ್ಮನ ಕಣ್ಣು ಎಷ್ಟೋ ದಿನದ ಮೇಲೆ ತನ್ನ ಮೇಲಿಂದ ಸರಿದು ಬೇರೆ ಕಡೆ ಹೋಗಿರುತ್ತದೆ.

ಹೊಸದಾಗಿ ಬರುವ ಸ್ವಯಂಸೇವಕರು ಸುಮ್ಮನಿರುವ ಮಗುವನ್ನು ನೋಡಿ “ಇದು ತುಂಬಾ ಒಳ್ಳೆ ಮಗು, ಹೇಳಿದ್ದನ್ನೆಲ್ಲ ಮಾಡುತ್ತೆ” ಅನ್ನುವುದುಂಟು. ಆಗ ನನಗೆ ಜೇಮ್ಸ್ ರಾಬರ್ಟ್‌ಸನ್ ನೆನಪಾಗುತ್ತಾರೆ. 1952ರಲ್ಲಿ ಬ್ರಿಟನ್ನಿನಲ್ಲಿ ಅವರು ಒಂದು ಸಾಕ್ಷ್ಯಚಿತ್ರ ಮಾಡಿದರು. ಎರಡು ವರ್ಷದ ಒಂದು ಹೆಣ್ಣುಮಗು ಸಣ್ಣ ಆಪರೇಶನ್ನಿಗೆ ಅಂತ ಎಂಟು ದಿನ ಆಸ್ಪತ್ರೆಯಲ್ಲಿ ಕಳೆದದ್ದನ್ನು ಅವರು ಕ್ಯಾಮೆರಾದಲ್ಲಿ ಹಿಡಿದಿದ್ದರು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ಮಗುವಿನ ಜೊತೆ ಉಳಿಯುವ ಹಾಗಿರಲಿಲ್ಲ. ನೋಡಿಕೊಂಡು ಹೋಗುವುದಕ್ಕೂ ಕಟ್ಟುನಿಟ್ಟಿನ ಹೊತ್ತು. ಮೊದಮೊದಲು ಅತ್ತು ಕರೆದ ಮಕ್ಕಳು ಕೆಲವು ದಿನಕ್ಕೆ ಸುಮ್ಮನಾಗುತ್ತಿದ್ದರು. ಮಗು ಹೊಂದಿಕೊಂಡಿತು ಅಂತ ದೊಡ್ಡವರು ನೆಮ್ಮದಿಯಾಗಿರುತ್ತಿದ್ದರು. ಅದು ಹೊಂದಿಕೊಂಡಿಲ್ಲ, ಆಸೆ ಬಿಟ್ಟಿದೆ ಅಂತ ರಾಬರ್ಟ್‌ಸನ್ ತೋರಿಸಿಕೊಟ್ಟರು. ಡಾಕ್ಟರುಗಳಲ್ಲಿ ಅನೇಕರಿಗೆ ಸಿಟ್ಟು ಬಂತು. ಆದರೆ 1959ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಪ್ಲಾಟ್ ಸಮಿತಿ, ಅಪ್ಪ ಅಮ್ಮ ಯಾವಾಗ ಬೇಕಾದರೂ ಬರುವ ಹಾಗಿರಬೇಕು, ಪುಟ್ಟ ಮಕ್ಕಳ ಜೊತೆ ತಾಯಿ ಉಳಿಯುವ ಹಾಗಿರಬೇಕು, ವಾರ್ಡಿನಲ್ಲಿ ಆಟಕ್ಕೆ, ಪಾಠಕ್ಕೆ ಜಾಗ ಇರಬೇಕು ಅಂತ ವರದಿ ಕೊಟ್ಟಿತು. ಇವತ್ತು ಅಲ್ಲಿನ ಮಕ್ಕಳ ವಾರ್ಡಿನಲ್ಲಿ ಮಂಚದ ಪಕ್ಕ ಒಬ್ಬ ತಾಯಿ ಕೂತಿದ್ದರೆ, ಮೂಲೆಯಲ್ಲಿ ಒಂದು ಆಟದ ಸಾಮಾನಿನ ಪೆಟ್ಟಿಗೆ ಇದ್ದರೆ, ಅದರ ಹಿಂದೆ ಇಂಥ ಜಗಳಗಳಿವೆ.

ಹಾಗಾಗಿ ಗಟ್ಟಿಯಾಗಿ ಬೇಡ ಅನ್ನುವ ಮಗುವಿನ ಬಗ್ಗೆ ನನಗೆ ಚಿಂತೆ ಕಡಿಮೆ. ಎಲ್ಲದಕ್ಕೂ ತಲೆ ಆಡಿಸುವ ಮಗುವಿನ ಹತ್ತಿರ ಜಾಸ್ತಿ ಹೊತ್ತು ಕೂರುತ್ತೇನೆ. ಕೆಂಪಾ ನೀಲಿನಾ, ದೊಡ್ಡ ಹಾಳೆನಾ ಚಿಕ್ಕದಾ, ನಾನು ಅಂಟಿಸಲಾ ನೀನೇ ಅಂಟಿಸ್ತೀಯಾ, ಹೀಗೆ ಸಣ್ಣಸಣ್ಣದನ್ನೇ ಕೇಳುತ್ತೇನೆ. “ಯಾವುದಾದ್ರೂ ಸರಿ” ಅನ್ನುತ್ತಿದ್ದ ಮಗು ಒಂದು ದಿನ “ಅದಲ್ಲ, ಇನ್ನೊಂದು ನೀಲಿ” ಅಂದಾಗ ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ.

ಇದೆಲ್ಲ ಮಾಡುವ ಮೊದಲು ಕಲಿಯಬೇಕಾದ ಶಿಸ್ತು ಬೇಕಾದಷ್ಟಿದೆ. ಆಸೆಯಿಂದ ಬರುವವರು ಅದರ ಬಗ್ಗೆ ಯೋಚಿಸಿರುವುದಿಲ್ಲ. ವಾರ್ಡಿಗೆ ಹೋದ ತಕ್ಷಣ ಸಿಸ್ಟರ್ ಹತ್ತಿರ ನಿಲ್ಲಬೇಕು. ಯಾರಿಗೆ ಕೌಂಟ್, ಅಂದರೆ ರಕ್ತಕಣಗಳ ಸಂಖ್ಯೆ, ಕಡಿಮೆ ಇದೆ, ಯಾರನ್ನು ಪ್ರತ್ಯೇಕ ಕೋಣೆಯಲ್ಲಿಟ್ಟಿದ್ದಾರೆ, ಯಾರು ಆಪರೇಶನ್ನಿಗೆ ಅಂತ ಖಾಲಿ ಹೊಟ್ಟೆಯಲ್ಲಿದ್ದಾರೆ, ಎಲ್ಲ ಕೇಳಿಕೊಳ್ಳಬೇಕು. ಒಂದು ಮಂಚದಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲ ಕೈ ತೊಳೆಯಬೇಕು. ಹ್ಯಾಂಡ್ ರಬ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60 ಸೆಕೆಂಡ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀವು ಈಗ ಗಡಿಯಾರ ನೋಡಿಕೊಂಡು 40 ಸೆಕೆಂಡ್ ಕೈ ತೊಳೆದು ನೋಡಿ, ಎಷ್ಟು ದೀರ್ಘ ಅಂತ ಗೊತ್ತಾಗುತ್ತದೆ. ಬಿಳಿ ರಕ್ತಕಣ ಕಡಿಮೆಯಾದ ಮಗುವಿಗೆ ನಮ್ಮ ಬರೀ ನೆಗಡಿಯೂ ಜ್ವರವಾಗಿ ದಿನಗಟ್ಟಲೆ ಮಲಗಿಸಬಹುದು. ಗಂಟಲು ಕೆರೆದರೂ ಆ ವಾರ ಹೋಗುವ ಹಾಗಿಲ್ಲ.

ಜೇಡಿಮಣ್ಣು, ಒಣ ಎಲೆ, ಹೂವು, ಬೀಜ ಇವೆಲ್ಲ ಅಂಥ ಮಕ್ಕಳ ಹತ್ತಿರ ಸುಳಿಯಬಾರದು. ಅವುಗಳಲ್ಲಿ ಬೂಸ್ಟು ಇರುತ್ತದೆ. ಮಿನುಗುವ ಪುಡಿ ಬೇಡ, ಎಲ್ಲ ಕಡೆ ಹರಡಿ ಅಂಟಿಕೊಳ್ಳುತ್ತದೆ. ರಬ್ಬರ್ ಬಲೂನ್ ಬೇಡ, ಕೆಲವರಿಗೆ ಅಲರ್ಜಿ. ವಾಸನೆ ಬರುವ ಸ್ಕೆಚ್ ಪೆನ್ ಬೇಡ, ಕ್ಯಾನ್ಸರಿಗೆ ಕೀಮೋ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ವಾಕರಿಕೆ ಬರುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಸಣ್ಣ ಗಾಯದಿಂದಲೂ ರಕ್ತ ನಿಲ್ಲುವುದು ನಿಧಾನ. ಹಾಗಾಗಿ ಕತ್ತರಿ ಮೊಂಡು ತುದಿಯದ್ದೇ ಇರಬೇಕು. ಎಷ್ಟು ಒಯ್ದೆವೋ ಅಷ್ಟನ್ನು ಎಣಿಸಿ ತರಬೇಕು. ಪ್ರತ್ಯೇಕ ಕೋಣೆಯ ಮಗುವಿಗೆ ಕೊಟ್ಟ ಕ್ರೆಯಾನ್ ವಾಪಸ್ ಚೀಲಕ್ಕೆ ಬರುವುದಿಲ್ಲ. ಅದು ಆ ಮಗುವಿನದೇ. ಈ ನಿಯಮ ನನಗೆ ಬಹಳ ಇಷ್ಟ. ಸೋಂಕಿನ ಭಯದಿಂದ ಮಾಡಿದ್ದೇ ಇರಲಿ, ಮಗುವಿಗೆ ಮಾತ್ರ ಪೂರಾ ಡಬ್ಬಿ ಬಣ್ಣ ಸ್ವಂತಕ್ಕೆ ಸಿಗುತ್ತದೆ.

ಹನ್ನೊಂದು ವರ್ಷದ ಒಬ್ಬ ಹುಡುಗಿ ಇದ್ದಳು. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿತ್ತು. ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆಯ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷ ಔಷಧಿ ನಡೆಯುತ್ತದೆ. ಅದರಲ್ಲಿ ವಿನ್‌ಕ್ರಿಸ್ಟೀನ್ ಅಂತ ಒಂದು ಔಷಧಿಯಿದೆ. ಕೆಲವು ಮಕ್ಕಳಿಗೆ ಅದರಿಂದ ಕೈಕಾಲಿನ ನರಗಳಿಗೆ ಪೆಟ್ಟಾಗಿ ಬೆರಳುಗಳಲ್ಲಿ ಬಲ ಕಡಿಮೆಯಾಗುತ್ತದೆ. ಇವಳು ಚೆನ್ನಾಗಿ ಚಿತ್ರ ಬರೆಯುತ್ತಿದ್ದವಳು. ಈಗ ಕತ್ತರಿ ಹಿಡಿದರೆ ಬೆರಳು ಜಾರುತ್ತಿತ್ತು. ಒಂದೆರಡು ಸಲ ನೋಡಿ ಕತ್ತರಿಯನ್ನು ದೂರ ತಳ್ಳಿದಳು.

ಅವಳಿಗೆ ಮಟೀಸ್ ಕಥೆ ಹೇಳಿದೆ. ಫ್ರಾನ್ಸಿನ ದೊಡ್ಡ ಚಿತ್ರಕಾರ ಹೆನ್ರಿ ಮಟೀಸ್‌ಗೆ 1941ರಲ್ಲಿ ಹೊಟ್ಟೆಯ ಕ್ಯಾನ್ಸರ್ ಆಪರೇಶನ್ ಆಯಿತು. ಆಗ 71 ವರ್ಷ. ಆಮೇಲೆ ಬಹಳ ಹೊತ್ತು ಹಾಸಿಗೆ, ಇಲ್ಲವೇ ಗಾಲಿ ಕುರ್ಚಿ. ಕುಂಚ ಹಿಡಿದು ನಿಂತು ಬರೆಯುವುದು ಕಷ್ಟವಾಯಿತು. ಸಹಾಯಕರು ಹಾಳೆಗಳಿಗೆ ಬಣ್ಣ ಬಳಿದು ಕೊಡುತ್ತಿದ್ದರು, ಇವರು ಕತ್ತರಿಯಲ್ಲಿ ಎಲೆ, ಹಕ್ಕಿ, ಮೀನುಗಳನ್ನು ಕತ್ತರಿಸುತ್ತಿದ್ದರು. “ಮೇಲೆ, ಇನ್ನೂ ಎಡಕ್ಕೆ” ಅಂತ ಕೂತಲ್ಲಿಂದಲೇ ಹೇಳಿದರೆ ಸಹಾಯಕರು ಆ ತುಂಡುಗಳನ್ನು ಗೋಡೆಗೆ ಚುಚ್ಚುತ್ತಿದ್ದರು. ಬೇಡ ಅಂದರೆ ತೆಗೆದು ಬೇರೆ ಕಡೆ ಇಡುತ್ತಿದ್ದರು.

ಅವಳು ಕೇಳಿಸಿಕೊಂಡು ಸುಮ್ಮನಿದ್ದಳು. ಆಮೇಲೆ, “ಹಾಗಾದ್ರೆ ನೀವು ಕತ್ತರಿಸಿ ಅಕ್ಕ, ನಾನು ಹೇಳ್ತೀನಿ” ಅಂದಳು.

ಹೇಳಿದಳು ನೋಡಿ! ಸಮುದ್ರ ಬೇಕು. ಅಲೆ ಇಷ್ಟು ನೇರ ಇರಬಾರದು. ಮೀನಿಗೆ ಹೊಟ್ಟೆ ಜಾಸ್ತಿಯಾಯಿತು, ಇನ್ನೊಂದು ಮಾಡಿ. ಅದಲ್ಲ, ಮೊದಲನೆಯದೇ ಚೆನ್ನಾಗಿತ್ತು. ಎರಡು ಗಂಟೆ ನಾನು ಅವಳ ಕೈಯಾಗಿದ್ದೆ. ಕೊನೆಗೆ ಒಂದು ಕಿತ್ತಳೆ ಮೀನನ್ನು ಹಾಳೆಯ ಅಂಚಿನಲ್ಲಿ ಇಡಿಸಿದಳು. ಅದರ ತಲೆಯೂ ಅರ್ಧ ಮೈಯೂ ಹಾಳೆಯಿಂದ ಹೊರಗೆ ಚಾಚಿಕೊಂಡಿತ್ತು. ನಾನು ಮಡಚಿ ಒಳಗೆ ಅಂಟಿಸಲು ಹೋದೆ.

“ಬೇಡ ಅಕ್ಕ. ಅದು ಆಚೆ ಹೋಗ್ತಾ ಇದೆ.”

ಹೀಗೆಲ್ಲ ಕೇಳಿದಾಗ ಅರ್ಥ ಹುಡುಕುವ ಆಸೆ ಆಗುತ್ತದೆ. ಕಪ್ಪು ಹಾಳೆ ಅಂದರೆ ಭಯ, ಹೊರಗೆ ಹೋಗುವ ಮೀನು ಅಂದರೆ ಮನೆಯ ನೆನಪು ಅಂತ. ಆ ಆಸೆಯನ್ನು ನಾನು ತಡೆದುಕೊಳ್ಳುತ್ತೇನೆ. ಚಿತ್ರದ ಮೂಲಕ ಚಿಕಿತ್ಸೆ ಕೊಡುವುದಕ್ಕೆ ಅಂತಲೇ ಓದಿದವರಿದ್ದಾರೆ, ಅದು ಬೇರೆ ಕೆಲಸ. ನಾನು ಬಣ್ಣ ಒಯ್ಯುವವಳು. ಮಗು ನೋವು ಅಂತ ಹೇಳಿದರೆ, ಮನಸ್ಸಿಗೆ ಕಳವಳ ಆಗುವಂಥದ್ದು ಏನಾದರೂ ಹೇಳಿದರೆ, ತಡ ಮಾಡದೆ ಸಿಸ್ಟರಿಗೆ ತಿಳಿಸುತ್ತೇನೆ. ಉಳಿದಂತೆ ಹಾವು ಅಂದರೆ ಹಾವು. ಮೀನು ಅಂದರೆ ಮೀನು.

ಒಂದು ವಿಷಯ ಮಾತ್ರ ಯಾವ ಓದೂ ಇಲ್ಲದೆ ಎದುರಿಗೇ ಕಾಣುತ್ತದೆ. ಸೂಜಿ ಕಂಡರೆ ಕಿರುಚುತ್ತಿದ್ದ ಐದು ವರ್ಷದ ಒಬ್ಬಳಿಗೆ ಸಿಸ್ಟರ್ ಒಂದು ಹೊಸ ಸಿರಿಂಜ್ ಕೊಟ್ಟರು, ಸೂಜಿ ಇಲ್ಲದ್ದು. ನಾವು ಅದಕ್ಕೆ ಬಣ್ಣದ ನೀರು ತುಂಬಿ ಹಾಳೆ ಮೇಲೆ ಚಿಮ್ಮಿಸುತ್ತಾ ಕೂತೆವು. ಸ್ವಲ್ಪ ಹೊತ್ತಾದ ಮೇಲೆ ಬಟ್ಟೆಯ ಬೊಂಬೆ ಬೇಕು ಅಂದಳು. ಅದರ ಕೈಯನ್ನು ಹತ್ತಿಯಲ್ಲಿ ಒರೆಸಿದಳು. ಊದಿದಳು. “ಏನಿಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ” ಅಂತ ಸಿರಿಂಜನ್ನು ಹತ್ತಿರ ತಂದಳು. ಅಲ್ಲಿಗೆ ನಿಲ್ಲಿಸಿ ಬೊಂಬೆಯ ಕಿವಿ ಹತ್ತಿರ ಬಗ್ಗಿ ಹೇಳಿದಳು. “ಇಲ್ಲ, ಜಾಸ್ತಿ ನೋವಾಗುತ್ತೆ. ನೀನು ಅಳಬಹುದು.”

ಸಿಸ್ಟರ್ ಅಲ್ಲೇ ಇದ್ದರು. ಮಾರನೇ ದಿನದಿಂದ ಅವಳಿಗೆ ಇರುವೆ ಕಥೆ ಹೇಳುವುದನ್ನು ಬಿಟ್ಟರಂತೆ. ನೋವಾಗುತ್ತೆ, ಇಷ್ಟು ಎಣಿಸುವಷ್ಟರಲ್ಲಿ ಮುಗಿಯುತ್ತೆ, ಯಾವ ಕೈಗೆ ಹಾಕಲಿ ಅಂತ ಕೇಳತೊಡಗಿದರು. ಅವಳು ಅಳುವುದನ್ನು ನಿಲ್ಲಿಸಲಿಲ್ಲ. ಆದರೆ ಕೈ ತಾನೇ ಮುಂದೆ ಚಾಚುತ್ತಿದ್ದಳು.

ಆಸ್ಪತ್ರೆಯಲ್ಲಿ ಮಕ್ಕಳಿಗೆ ಹೀಗೆ ಆಟ ಕೊಡುವುದು ಹೊಸ ಉಪಾಯವೇನಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಆಸ್ಪತ್ರೆಯಲ್ಲಿ 1955ರಲ್ಲೇ ಎಮ್ಮಾ ಪ್ಲ್ಯಾಂಕ್ ಅನ್ನುವ ಶಿಕ್ಷಕಿ ಮಕ್ಕಳ ಆಟ, ಕಲಿಕೆಗೆ ಅಂತ ಒಂದು ವಿಭಾಗವನ್ನೇ ಕಟ್ಟಿದ್ದರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ಆಟ, ಬಿಡುವು, ಕಲೆ ಮಗುವಿನ ಹಕ್ಕು ಅಂತ ಬರೆದಿದೆ. ಅದೇ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಅದರ ಮಾತು ಕೇಳಬೇಕು ಅನ್ನುತ್ತದೆ. ನನಗೆ ಈ ಎರಡನ್ನೂ ಬೇರೆ ಮಾಡಿ ನೋಡಲು ಆಗುವುದಿಲ್ಲ. ಮಗುವಿನ ಮಾತು ಕೇಳದೆ ಕೊಟ್ಟ ಆಟ ಅದಕ್ಕೆ ಇನ್ನೊಂದು ಮಾತ್ರೆ ಇದ್ದ ಹಾಗೆ.

ಕಷ್ಟದ ದಿನಗಳೂ ಇವೆ. ಕಳೆದ ವಾರ ಇದ್ದ ಮಗುವಿನ ಮಂಚಕ್ಕೆ ಹೊಸ ಹೊದಿಕೆ ಹಾಸಿರುತ್ತಾರೆ. ಮನೆಗೆ ಹೋಯಿತೋ, ಬೇರೆ ವಾರ್ಡಿಗೋ, ಕೇಳುವ ಹಾಗಿರುವುದಿಲ್ಲ. ಮೊದಲೆಲ್ಲ ಸಿಸ್ಟರ್ ಮುಖದಲ್ಲಿ ಉತ್ತರ ಹುಡುಕುತ್ತಿದ್ದೆ. ಈಗ ಅದನ್ನೂ ಬಿಟ್ಟಿದ್ದೇನೆ, ಅವರಿಗೂ ಕಷ್ಟ. ಕೈ ತೊಳೆದು ಮುಂದಿನ ಮಂಚಕ್ಕೆ ಹೋಗುತ್ತೇನೆ. ಬರುತ್ತೇನೆ ಅಂದ ದಿನ ತಪ್ಪದೆ ಹೋಗುವುದು ಮಾತ್ರ ನನ್ನ ಕೈಯಲ್ಲಿದೆ. ಆಸ್ಪತ್ರೆಯಲ್ಲಿ “ನಾಳೆ ಮನೆಗೆ ಹೋಗಬಹುದು” ಅನ್ನುವ ಮಾತು ಎಷ್ಟೋ ಸಲ ಮುಂದಕ್ಕೆ ಹೋಗಿರುತ್ತದೆ. ಹೇಳಿದ ದಿನ ಹೇಳಿದ ಹೊತ್ತಿಗೆ ನಡೆಯುವಂಥದ್ದು ಮಗುವಿಗೆ ಒಂದಾದರೂ ಇರಲಿ. ವಾರಕ್ಕೆ ಎರಡು ದಿನ ಅಂತ ಹೇಳಿ ತಪ್ಪಿಸುವುದಕ್ಕಿಂತ ತಿಂಗಳಿಗೆ ಒಂದೇ ಅಂತ ಹೇಳಿ ಹೋಗಿ. ಈ ಕೆಲಸ ಮಾಡಬೇಕು ಅಂತಿರುವವರಿಗೆ ನಾನು ಹೇಳುವುದು ಇಷ್ಟೇ.

ಹಾವಿನ ಹುಡುಗ ಡಿಸ್ಚಾರ್ಜ್ ಆಗಿ ಹೋದ. ಆಮೇಲೆ ಚೆಕಪ್ಪಿಗೆ, ಮತ್ತೆ ಒಂದೆರಡು ಸಲ ಅಡ್ಮಿಟ್ ಆಗುವುದಕ್ಕೆ ಬಂದ. ಈಚೆಗೆ ಬಂದಾಗ ಅವನ ಪಕ್ಕದ ಮಂಚದಲ್ಲಿ ನಾಲ್ಕೈದು ವರ್ಷದ ಹೊಸ ಹುಡುಗಿ ಇದ್ದಳು. ಆವತ್ತೇ ಸೇರಿದ್ದಳು. ಕೈಗೆ ಬ್ಯಾಂಡೇಜ್ ಹೊಸದು. ನಾನು ಸ್ವಲ್ಪ ದೂರದಲ್ಲೇ ನಿಂತು, “ಬರಬಹುದಾ?” ಅಂದೆ. ಅವಳು ಅಮ್ಮನ ಮಡಿಲಿಗೆ ಒತ್ತಿಕೊಂಡು ನನ್ನ ಚೀಲವನ್ನೇ ನೋಡಿದಳು. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಹುಡುಗ ತನ್ನ ಹಾಳೆಯಿಂದ ತಲೆ ಎತ್ತದೆ ಹೇಳಿದ. “ಈ ಅಕ್ಕನಿಗೆ ಬೇಡ ಅನ್ನಬಹುದು ಕಣೇ. ಏನೂ ಮಾಡಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, ಸರಿಯೋ ತಪ್ಪೋ ನೋಡೋಣ ಅನ್ನುವ ಹಾಗೆ, “ಬೇಡ” ಅಂದಳು.

“ಸರಿ ಪುಟ್ಟಾ” ಅಂದು ನಾನು ಕೈ ತೊಳೆಯಲು ಹೋದೆ.